ಉದ್ದ ತೋಳಿನ ಹೆಂಗಸು

ಒಳಗಿನಿಂದ ನಗು ಕೇಳಿಸಿತು. ಹೆಣ್ಣಿನ ನಗು!

ಶಿವರುದ್ರಮ್ಮ ಹೊಸ್ತಿಲ ಮೇಲೆ ನಿಂತುಬಿಟ್ಟಳು. ಎಡಗೈಯಲ್ಲಿ ಬಟ್ಟೆಗಂಟು, ಬಲಗೈ ಸೆರಗಿನ ಮರೆಯಲ್ಲಿ. ಎರಡು ತಿಂಗಳ ಮೇಲೆ ತನ್ನ ಮನೆಗೆ ತಾನು ಬಂದರೆ ಅಡುಗೆಮನೆಯಲ್ಲಿ ಇನ್ನೊಬ್ಬಳ ನಗು... ಅದರ ಹಿಂದೆಯೇ ಗಂಡನ ನಗು!

"ಯಾರದು ಒಳಗೆ?"

ನಗು ಥಟ್ಟನೆ ನಿಂತಿತು. ಹೊರಗೆ ಬಂದವಳು ಹಿಂದಿನ ಬೀದಿಯ ಸುಂದ್ರಮ್ಮ. ಗಂಡ ಸತ್ತು ಎಂಟು ವರ್ಷವಾದ ಕುಳ್ಳಗಿನ ಹೆಂಗಸು. ಅವಳ ಕೈಗೆ ಮೊಣಕೈವರೆಗೂ ರಾಗಿಹಿಟ್ಟು ಮೆತ್ತಿತ್ತು.

"ಅಯ್ಯೋ... ರುದ್ರಕ್ಕ! ನಾಡಿದ್ದು ಬತ್ತೀರಿ ಅಂದಿದ್ರಲ್ಲ?"

"ಯಾಕೆ, ನಾಡಿದ್ದು ಬಂದಿದ್ರೆ ಚೆನ್ನಾಗಿರ್ತಿತ್ತಾ?"

"ಅಂಗಲ್ಲ ಕಣಕ್ಕ... ಒಂಚೂರು ಬೆಂಕಿ ಇಸ್ಕೊಂಡು ಓಗಾನ ಅಂತ ಬಂದಿದ್ದೆ."

ಬೆಂಕಿ ಕೇಳಲು ಬಂದವಳ ಕೈಯಲ್ಲಿ ಒಂದು ಬೆರಣಿಯ ತುಂಡೂ ಇರಲಿಲ್ಲ. ಕೇಳಿದ ಬೆಂಕಿಯನ್ನೂ ತೆಗೆದುಕೊಳ್ಳದೆ ಸುಂದ್ರಮ್ಮ ಹಿತ್ತಲ ಬಾಗಿಲಿನಿಂದ ಹೊರಟೇಹೋದಳು.

ಆಮೇಲೆ ಬಾಗಿಲಲ್ಲಿ ಬಗ್ಗಿ ಹೊರಬಂದ ಅವಳ ಗಂಡ ಕಂಠಪ್ಪ. ಬಗ್ಗದಿದ್ದರೆ ತಲೆ ತಗಲುವಷ್ಟು ಎತ್ತರದ ಆಳು. ಐವತ್ತರ ಹತ್ತಿರದ ವಯಸ್ಸು, ಹಣೆಯ ತುಂಬ ವಿಭೂತಿ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದ.

"ಬಂದ್ಯಾ... ಬಸ್ಸು ಸಿಕ್ತಾ?"

"ಸಿಕ್ತು. ನಗ್ತಿದ್ರಲ್ಲ, ಯಾಕೆ ನಿಲ್ಲಿಸ್ಬುಟ್ರಿ?"

"ಬೆವತಿದ್ದೀಯ, ಕುಡಿಯೋಕೆ ನೀರು ತತ್ತೀನಿ" ಎಂದು ಕೈಗಳನ್ನು ಬೆನ್ನ ಹಿಂದೆಯೇ ಇಟ್ಟುಕೊಂಡು ಹಿಂದಕ್ಕೆ ಹೆಜ್ಜೆ ಹಾಕುತ್ತ ಒಳಗೆ ಹೋದ.

'ಇಪ್ಪತ್ತಾರು ವರ್ಷದಲ್ಲಿ ಈ ಮನುಷ್ಯ ನನಗೆ ಯಾವತ್ತು ನೀರು ತಂದುಕೊಟ್ಟಿದ್ದಾನೆ?' ಎಂದುಕೊಂಡಳು ಶಿವರುದ್ರಮ್ಮ.

ಊರವರೆಲ್ಲ ಮೊದಲ ಸಲ ಸಾಲುಗಟ್ಟಿ ಓಟು ಹಾಕಿ ಬಂದ ವರ್ಷವದು. ಹನಗೋಡಿನ ಪಕ್ಕದ ಆ ಹಳ್ಳಿಯಲ್ಲಿ ಶಿವರಾತ್ರಿ ಮುಗಿದ ಮೂರನೇ ದಿನ ಲಕ್ಷ್ಮಣತೀರ್ಥ ಹೊಳೆಯ ಮೆಟ್ಟಿಲ ಮೇಲೆ ಬಿಂದಿಗೆ ಹೊತ್ತಿದ್ದ ಶಿವರುದ್ರಮ್ಮ ಜಾರಿ ಬಿದ್ದಳು. ಬಲಗೈಯ ಮಣಿಕಟ್ಟು ಮುರಿಯಿತು. ತವರೂರು ಮಿರ್ಲೆಯಲ್ಲಿ ಮೂಳೆ ಕಟ್ಟುವ ಮುದುಕರಿದ್ದರು. ಒಬ್ಬಳೇ ಮಗಳನ್ನೂ ತಮ್ಮನ ಮಗನಿಗೇ ಕೊಟ್ಟಿದ್ದರಿಂದ ಅಲ್ಲೇ ಎರಡು ತಿಂಗಳು ಇದ್ದು ಪಟ್ಟಿ ಕಟ್ಟಿಸಿಕೊಂಡಿದ್ದಳು.

ಮೂಳೆಯೇನೋ ಕೂಡಿತು. ಆದರೆ ಪಟ್ಟಿ ಬಿಚ್ಚಿದ ದಿನ ಆ ಮುದುಕರು ಅವಳ ಮುಖ ನೋಡದೆ ಹೇಳಿದ್ದರು.

"ಊಟ ಮಾಡಬೌದು, ತಲೆ ಬಾಚಬೌದು. ರಾಗಿ ಬೀಸೋದು, ಹಿಟ್ಟು ತಿರುವೋದು ಇನ್ನು ಈ ಕೈಲಾಗಲ್ಲ ಕಣವ್ವ."

ಆ ಮಾತನ್ನು ಅವಳು ಯಾರಿಗೂ ಹೇಳಬಾರದೆಂದು ತೀರ್ಮಾನಿಸಿಬಿಟ್ಟಿದ್ದಳು. ಒಲೆ ಮುಂದೆ ಕೂತು ಹಿಟ್ಟು ತಿರುವಲಾರದ ಹೆಂಡತಿ ಯಾವ ಮನೆಗೆ ಬೇಕು? ಎರಡನೇ ಸಂಬಂಧ ಮಾಡಿಕೊಳ್ಳಲು ಗಂಡಸರಿಗೆ ಇಷ್ಟು ದೊಡ್ಡ ಕಾರಣವೂ ಬೇಕಿರಲಿಲ್ಲ. ಅವಳ ಕಣ್ಣೆದುರಿಗೇ ಇದೇ ಬೀದಿಯಲ್ಲಿ ಎರಡು ಮನೆಗೆ ಸವತಿಯರು ಬಂದಿದ್ದರು. ಮೊದಲಿನವರು ಈಗ ಕೊಟ್ಟಿಗೆಯ ಪಕ್ಕದಲ್ಲಿ ಮಲಗುತ್ತಿದ್ದರು!

ಗಂಟು ಇಳಿಸಿದವಳು ಮನೆಯೊಳಗೆ ಕಣ್ಣಾಡಿಸಿದಳು. ಜೇಡರ ಬಲೆ, ಬೂದಿ ತುಂಬಿದ ಒಲೆ, ಇಲಿ ಕೊರೆದ ಮೂಟೆ, ಇವನ್ನೆಲ್ಲ ನೋಡಲು ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದಳು ಪಾಪ. ಆದರೆ ಒಲೆಗೆ ಕೆಮ್ಮಣ್ಣು ಬಳಿದಿತ್ತು. ಪಾತ್ರೆ ಬೆಳಗಿತ್ತು. ನೆಲಕ್ಕೆ ಸಗಣಿ ಸಾರಿಸಿ ಎರಡು ದಿನವೂ ಆಗಿರಲಿಲ್ಲ.

ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಮನೆ ಕೊಳಕಾಗಿದ್ದರೆ ಎಷ್ಟು ಸಂತೋಷಪಡುತ್ತಿದ್ದಳೋ!

ಅವಳು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತಳು. ಸಗಣಿ ಸಾರಿಸುವುದರಲ್ಲಿ ಒಬ್ಬೊಬ್ಬರ ಕೈ ಒಂದೊಂದು. ಕೂತಲ್ಲಿಂದ ತೋಳು ಎಷ್ಟು ದೂರ ಚಾಚುತ್ತದೋ ಅಷ್ಟಗಲಕ್ಕೆ ಕಮಾನು ಬೀಳುತ್ತದೆ. ಒಣಗಿದ ಮೇಲೂ ಬೆರಳಿನ ಗೆರೆ ಉಳಿದೇ ಇರುತ್ತದೆ. ತನ್ನ ಕಮಾನು ಮೂರು ಗೇಣು ಎಂದು ಅವಳಿಗೆ ಗೊತ್ತು. ಎಡಗೈಯಿಂದ ಈ ಕಮಾನಿಗೆ ಗೇಣು ಹಾಕಿದಳು. ಒಂದು... ಎರಡು... ಮೂರು... ನಾಲ್ಕು!

ಸುಂದ್ರಮ್ಮ ನಿಂತರೆ ತನ್ನ ಭುಜಕ್ಕೆ ಬರುತ್ತಾಳೆ. ಅವಳ ಕೈ ಎರಡೂವರೆ ಗೇಣಿನ ಮೇಲೆ ಚಾಚುವುದಿಲ್ಲ.

ಹಾಗಾದರೆ ಸುಂದ್ರಮ್ಮನಲ್ಲ. ಇನ್ನೊಬ್ಬಳಿದ್ದಾಳೆ. ಎತ್ತರದವಳು, ಉದ್ದ ತೋಳಿನವಳು, ಕೈಯಲ್ಲಿ ಕಸುವಿರುವವಳು!

"ಏನು ಹುಡುಕ್ತಿದ್ದೀಯ?" ನೀರಿನ ಚೊಂಬು ಹಿಡಿದು ಬಂದ ಕಂಠಪ್ಪ ಕೇಳಿದ.

"ಏನಿಲ್ಲ... ನೆಲ ಚೆನ್ನಾಗಿ ಸಾರ್ಸವ್ರೆ."

ಅವನ ಕಿವಿ ಕೆಂಪಗಾಯಿತು. ಶಿವರುದ್ರಮ್ಮ ಅದನ್ನೂ ನೋಡಿದಳು.

"ಯಾರು ಸಾರ್ಸಿದ್ದು?"

"ಯಾರೋ... ಸಾರ್ಸುದ್ರು. ಬುಡು ಅತ್ಲಾಗೆ, ನೀರು ಕುಡಿ."

ಯಾರೋ! ಹೆಸರಿಲ್ಲದ ಯಾರೋ! ಅವಳು ನೀರನ್ನು ಮುಟ್ಟಲಿಲ್ಲ.

ಅವತ್ತು ಸಂಜೆ ಹಟ ಹಿಡಿದು ತಾನೇ ಹಿಟ್ಟಿಗೆಸರಿಟ್ಟಳು. ಕಾಲುಗಳ ಮಧ್ಯೆ ಕವೆಗೋಲಿನಿಂದ ಪಾತ್ರೆ ಒತ್ತಿಹಿಡಿದು ಕೋಲು ತಿರುವಿದರೆ, ಒಂದೇ ಸುತ್ತಿಗೆ ಮಣಿಕಟ್ಟಿನಿಂದ ಭುಜದವರೆಗೆ ನೋವು ಹರಿಯಿತು. ಹಲ್ಲು ಕಚ್ಚಿದಳು. ಎಡಗೈಯಿಂದ ತಿರುವಿದಳು. ಬಂದ ಮುದ್ದೆಯ ತುಂಬ ಗಂಟು. ಒಳಗೆಲ್ಲ ಹಸಿ ಹಿಟ್ಟು.

ಕಂಠಪ್ಪ ಒಂದೂ ಮಾತಾಡದೆ ಪೂರ್ತಿ ಉಂಡ.

"ಎಂಗದೆ?" ಎಂದಳು ಹೆದರಿಕೊಂಡೇ.

"ಚೆನ್ನಾಗದೆ."

ಹೊಸದಾಗಿ ಮದುವೆಯಾದಾಗ ಸಾರಿಗೆ ಹುಣಸೆ ಕಡಿಮೆಯಾದರೆ ತಟ್ಟೆ ತಳ್ಳಿ ಎದ್ದುಹೋಗುತ್ತಿದ್ದ ಮನುಷ್ಯ! ಈಗ ಹಸಿ ಹಿಟ್ಟು ತಿಂದು ಚೆನ್ನಾಗಿದೆ ಎನ್ನುತ್ತಾನೆ. ಬೈಯಬಾರದಿತ್ತೆ? 'ಬೈಯೋಕೂ ನಾನು ಬೇಡವಾದೆನಾ... ಹೋಗುವವಳ ಹತ್ತಿರ ಯಾಕೆ ಜಗಳ ಅಂತಲಾ?'

ಅಲ್ಲಿಂದ ಮುಂದೆ ಅವನು ಏನು ಮಾಡಿದರೂ ಅನುಮಾನವೇ. ಅವಳು ಏಳುವ ಮೊದಲೇ ನೀರಿನ ಹಂಡೆ ತುಂಬಿರುತ್ತಿತ್ತು. ಹಾಲು ಕರೆದ ಪಾತ್ರೆಯನ್ನು ಅವಳಿಗೆ ಕೊಡದೆ ತಾನೇ ಒಳಗೆ ತಂದಿಡುತ್ತಿದ್ದ. ಎತ್ತರದ ಗೂಡಿನಲ್ಲಿದ್ದ ಉಪ್ಪಿನ ಮಡಕೆಯನ್ನು ಯಾರೋ ಇಳಿಸಿ ಒಲೆ ಪಕ್ಕ ಇಟ್ಟಿದ್ದರು. ಬೇರೆ ಯಾವ ಹೆಂಗಸಾಗಿದ್ದರೂ ಹಿಗ್ಗುತ್ತಿದ್ದಳೇನೋ. ಶಿವರುದ್ರಮ್ಮ ಮಾತ್ರ ಒಂದೊಂದನ್ನೂ ಎಣಿಸಿಕೊಂಡು ಒಣಗುತ್ತಿದ್ದಳು. 'ನಾನಿಲ್ಲದೆ ಮನೆ ನಡೆಯುತ್ತದೆ ಅಂತ ತೋರಿಸ್ತಿದ್ದಾರೆ.'

ಬಾವಿಯ ಹತ್ತಿರ ಹೋದರೆ ಅವಳ ಕಣ್ಣು ಹೆಂಗಸರ ಮುಖ ನೋಡುತ್ತಿರಲಿಲ್ಲ, ತೋಳು ನೋಡುತ್ತಿತ್ತು! ಗೌಡರ ಸೊಸೆಯ ತೋಳು ಉದ್ದ, ಆದರೆ ಅವಳು ಬಸುರಿ. ಸೇದುವ ಹಗ್ಗ ಹಿಡಿದಿದ್ದ ಚಿಕ್ಕಸಿದ್ದಮ್ಮನ ತೋಳನ್ನು ಎಷ್ಟು ದಿಟ್ಟಿಸಿದಳೆಂದರೆ ಆಕೆ ಸೆರಗು ಹೊದ್ದುಕೊಂಡಳು.

"ಏನು ರುದ್ರಕ್ಕ, ಅಂಗ್ ನೋಡ್ತೀರಿ? ಕಜ್ಜಿಗಿಜ್ಜಿ ಆಗದಾ?"

"ಇಲ್ಲ ಕಣಮ್ಮ... ಏನೋ ಯೋಚನೆ."

ಚಿಕ್ಕಸಿದ್ದಮ್ಮ ಹಗ್ಗ ಬಿಟ್ಟು ಹತ್ತಿರ ಬಂದಳು. ದನಿ ತಗ್ಗಿಸಿದಳು.

"ಯೋಚನೆ ಇರ್ದೆ ಇನ್ನೇನು. ನಿಮ್ಗೆ ಗೊತ್ತಾಗಬಾರ್ದು ಅಂತ ಯಾರೂ ಬಾಯಿ ಬುಡ್ತಿಲ್ಲ. ನೀವು ಮಿರ್ಲೇಲಿದ್ದಾಗ ನಿಮ್ಮ ಯಜಮಾನ್ರ ಅಕ್ಕ ಬಂದಿದ್ರು ಪಿರಿಯಾಪಟ್ಟಣದಿಂದ. ಬಿಳಿಕೆರೇಲಿ ಒಂದು ಹೆಣ್ಣು ಅದಂತೆ. ವಯಸ್ಸು ಮೀರಿರೋಳು. ಗುರುವಾರ ಅವ್ರಪ್ಪನ್ನ ಕರ್ಕೊಂಡು ಮಾತಿಗೆ ಬತ್ತಾರಂತೆ..."

"ಎಂಥ ಹೆಣ್ಣು?" ಶಿವರುದ್ರಮ್ಮ ಕೇಳಿದಳು.

"ನಾನು ನೋಡಿಲ್ಲ ಕಣಕ್ಕ. ಒಳ್ಳೆ ಎತ್ತರವಂತೆ."

ಬಿಂದಿಗೆಯನ್ನು ಅಲ್ಲೇ ಬಿಟ್ಟು ಶಿವರುದ್ರಮ್ಮ ಮನೆಗೆ ಬಂದಳು. ಹೇಗೆ ಬಂದಳೋ ಅವಳಿಗೇ ಗೊತ್ತಿಲ್ಲ. ಎತ್ತರದ ಹೆಣ್ಣು... ನಾಲ್ಕು ಗೇಣಿನ ಕಮಾನು... ಅಂದರೆ ಮಾತು ಮುಗಿಯುವ ಮೊದಲೇ ಅವಳು ಬಂದು ಹೋಗಿದ್ದಾಳೆ! ನನ್ನ ನೆಲದ ಮೇಲೆ ಕೈಯಾಡಿಸಿ ಹೋಗಿದ್ದಾಳೆ!

ಅವತ್ತು ಭಾನುವಾರ. ರಾತ್ರಿಯಿಡೀ ನಿದ್ದೆ ಬರಲಿಲ್ಲ. ಬೆಳಗಾಗುವಷ್ಟರಲ್ಲಿ ಅವಳೊಂದು ನಿಶ್ಚಯಕ್ಕೆ ಬಂದಿದ್ದಳು. ಅವಳನ್ನು ಕಣ್ಣಾರೆ ಹಿಡಿಯಬೇಕು. ಹಿಡಿದ ಮೇಲೆ ಒಂದು ಮಾತೂ ಆಡದೆ ಮಿರ್ಲೆಯ ಬಸ್ಸು ಹತ್ತಬೇಕು. ಕೊಟ್ಟಿಗೆಯ ಪಕ್ಕದಲ್ಲಿ ಮಲಗುವ ಹೆಂಡತಿಯಾಗಿ ಮಾತ್ರ ಈ ಮನೆಯಲ್ಲಿರುವುದಿಲ್ಲ!

"ಸೋಮವಾರ ಅಲ್ವಾ, ಹೊಳೆದಂಡೆ ಈಶ್ವರನ ಗುಡಿಗೆ ಹೋಗ್ಬತ್ತೀನಿ. ಮಧ್ಯಾಹ್ನ ಆಯ್ತದೆ," ಎಂದಳು ಗಂಡನಿಗೆ.

"ಹೋಗ್ಬಾ, ಹೋಗ್ಬಾ. ನಿಧಾನಕ್ಕೆ ಬಾ. ಅವಸರ ಏನಿಲ್ಲ."

ಎಷ್ಟು ಖುಷಿ ಅವನ ದನಿಯಲ್ಲಿ! ಶಿವರುದ್ರಮ್ಮನ ಕಣ್ಣು ತುಂಬಿ ಬಂತು. ಊರ ಮುಂದಿನ ಹುಣಸೆಮರದವರೆಗೆ ನಡೆದಳು. ಅರ್ಧಗಂಟೆ ಅದರ ಬುಡದಲ್ಲಿ ಕೂತಳು. ಆಮೇಲೆ ಹೊಲದ ಬದುವಿನ ಮೇಲೆ ಸುತ್ತಿಕೊಂಡು ಹಿತ್ತಲಿಗೆ ಬಂದಳು.

ಹಿತ್ತಲ ಬಾಗಿಲು ಮುಚ್ಚಿತ್ತು. ಒಳಗೆ ಬುಟ್ಟಿ ಎಳೆದ ಸದ್ದು. ಸಗಣಿ ನೀರಿನ ವಾಸನೆ. ಸರ್‍... ಸರ್‍... ಎಂದು ನೆಲದ ಮೇಲೆ ಅಂಗೈ ಓಡುವ ಸದ್ದು.

ಬಂದಿದ್ದಾಳೆ!

ಶಿವರುದ್ರಮ್ಮ ಉಸಿರು ಬಿಗಿಹಿಡಿದು ಎಡಗೈಯಿಂದ ಬಾಗಿಲನ್ನು ದಬ್ಬಿದಳು.

ನೆಲದ ಮೇಲೆ ಒಬ್ಬರು ಮಂಡಿಯೂರಿದ್ದರು. ಪಂಚೆ ಎತ್ತಿ ಕಟ್ಟಿತ್ತು. ಬೆನ್ನು ಬೆವರಿನಿಂದ ಹೊಳೆಯುತ್ತಿತ್ತು. ಉದ್ದನೆಯ ತೋಳು ನೆಲದ ಮೇಲೆ ಒಂದು ಕಮಾನು ಎಳೆದು ಅರ್ಧಕ್ಕೆ ನಿಂತಿತು.

ಕಂಠಪ್ಪ!

ಕಳ್ಳತನದಲ್ಲಿ ಸಿಕ್ಕಿಬಿದ್ದವನ ಹಾಗೆ ಅವನು ಸಗಣಿಗೈ ಮೇಲೆತ್ತಿಕೊಂಡು ಕೂತಲ್ಲೇ ಕೂತ.

"ಬಾಗ್ಲು ಹಾಕೆ! ಯಾರಾದ್ರೂ ನೋಡ್ಬುಟ್ಟಾರು!"

ಗಂಡಸು ಸಗಣಿ ಬಾಚಿ ತಿಪ್ಪೆಗೆ ಸುರಿಯಬಹುದು, ಬೆರಣಿಯ ಗಾಡಿ ಹೊಡೆಯಬಹುದು. ಆದರೆ ಮಂಡಿಯೂರಿ ನೆಲ ಸಾರಿಸುವುದು! ಆ ಸೀಮೆಯಲ್ಲಿ ಯಾವ ಹೆಂಗಸಿನ ಕನಸಿಗೂ ಅಂಥದ್ದು ಬರುವಂತಿರಲಿಲ್ಲ. ಊರಿನ ಅಷ್ಟೂ ತೋಳುಗಳನ್ನು ಅಳೆದ ಶಿವರುದ್ರಮ್ಮ ತನ್ನ ಪಕ್ಕದಲ್ಲೇ ಇದ್ದ ತೋಳನ್ನು ಅಳೆಯಲಿಲ್ಲ ಎಂದರೆ ಅದು ಅವಳ ದಡ್ಡತನವಲ್ಲ.

ಅವಳು ಬಾಗಿಲು ಹಾಕಿದಳು. ಅದಕ್ಕೆ ಒರಗಿ ನಿಂತಳು.

"ನೀವಾ... ನೀವೇ ಸಾರ್ಸ್ತಿದ್ದದ್ದಾ?"

"ಊಂ."

"ಸುಂದ್ರಮ್ಮ?"

"ಅವ್ಳು ಹೇಳ್ಕೊಟ್ಲು. ರಾಗಿ ಬೀಸೋದು, ಹಿಟ್ಟು ತಿರುವೋದು, ಸಾರು ಮಾಡೋದು... ಯಾರಿಗೂ ಹೇಳ್ಬ್ಯಾಡ ಅಂತ ಆಣೆ ಹಾಕ್ಸಿದ್ದೆ. ನಾ ಮಾಡಿದ ಮೊದಲನೇ ಮುದ್ದೆ ನೋಡಿ ಬಿದ್ದೂಬಿದ್ದೂ ನಕ್ಬುಟ್ಲು ಆವಮ್ಮ. ಅಷ್ಟು ದಿನ ಆದ್ರೂ ಮುದ್ದೆ ಉಂಡೆ ಆಯ್ತಿರ್ಲಿಲ್ಲ. ಅವತ್ತು ನೀ ಬಂದಾಗ್ಲೂ ಅದೇ ನಗು. ಕೈಯೆಲ್ಲ ಹಿಟ್ಟಾಗಿತ್ತು ಅಂತ್ಲೇ ಬೆನ್ನ ಹಿಂದೆ ಇಟ್ಕೊಂಡಿದ್ದೆ."

"ಯಾಕೆ ಕಲಿಯೋಕೆ ಹೋದ್ರಿ?"

ಅವನು ನೆಲ ನೋಡಿದ. "ಮೂಳೆ ಕಟ್ಟೋ ಮುದುಕ್ರು ನಿನ್ಗಿಂತ ಮೊದ್ಲೇ ನಿನ್ ತಮ್ಮಂಗೆ ಹೇಳಿದ್ರಂತೆ. ಅವ್ನು ಅವತ್ತೇ ಹೇಳಿ ಕಳ್ಸಿದ್ದ. ಕೈ ಇನ್ನು ಮೊದಲಿನಂಗೆ ಆಗಲ್ವಂತೆ ಅಂತ."

ಗೊತ್ತಿತ್ತು! ಎಲ್ಲ ಗೊತ್ತಿತ್ತು! ಸೆರಗಿನ ಮರೆಯಲ್ಲಿ ಇಷ್ಟು ದಿನ ಮುಚ್ಚಿಟ್ಟುಕೊಂಡಿದ್ದ ಕೈಯನ್ನು ಇನ್ನೂ ಒಳಕ್ಕೆ ಎಳೆದುಕೊಂಡಳು.

"ಗೊತ್ತಿದ್ದೂ ಯಾಕೆ ಕೇಳ್ಲಿಲ್ಲ?"

"ನೀನು ಮುಚ್ಚಿಡ್ತಿದ್ದೆ. ಮುಚ್ಚಿಡೋದನ್ನ ಎಂಗ್ ಕೇಳ್ಲಿ..."

"ಬಿಳಿಕೆರೆ ಹೆಣ್ಣು?"

ಕಂಠಪ್ಪ ಸಗಣಿಗೈಯನ್ನು ಬುಟ್ಟಿಯ ಅಂಚಿಗೆ ಒರೆಸಿದ. "ಅಕ್ಕ ನನ್ನ ಎತ್ತಿ ಆಡ್ಸಿದೋಳು. ಅವ್ವ ಸತ್ತ ಮೇಲೆ ಅವಳೇ ಅವ್ವ. ಅವ್ಳ ಮಾತಿಗೆ ಇವತ್ತಿನವರ್ಗೂ ಇಲ್ಲ ಅಂದಿಲ್ಲ ನಾನು. ಮನೆಗೆ ಒಂದು ಹೆಣ್ಣು ಕೈ ಬೇಕು ಕಣಪ್ಪ ಅಂದ್ಲು. ಗುರುವಾರ ಬಾ ಹೇಳ್ತೀನಿ ಅಂದೆ. ಅಷ್ಟರೊಳ್ಗೆ ಕಲ್ತ್ಬುಟ್ರೆ... ಬೇರೆ ಕೈ ಬೇಕಾಗಕ್ಕಿಲ್ವಲ್ಲ ಅಂತ."

ಅವಳು ನೆಲದ ಮೇಲೆ ಅರ್ಧಕ್ಕೆ ನಿಂತ ಕಮಾನನ್ನು ನೋಡಿದಳು. ಬೇರೊಬ್ಬಳು ಬಂದಳೆಂದು ಯಾವ ಗೆರೆಗಳನ್ನು ಅಳೆದು ಅಳೆದು ಅತ್ತಿದ್ದಳೋ, ಬೇರೊಬ್ಬಳು ಬರದಿರಲಿ ಎಂದೇ ಅವನು ಆ ಗೆರೆಗಳನ್ನು ಎಳೆದಿದ್ದ.

"ಆದ್ರೆ ಅಕ್ಕನ ಮುಂದೆ ಎಂಗೆ ಹೇಳ್ಲಿ ಅಂತ್ಲೇ ಗೊತ್ತಾಯ್ತಿಲ್ಲ ಕಣಮ್ಮಿ," ಎಂದ ಅವನು ಸಣ್ಣ ದನಿಯಲ್ಲಿ. "ನೆಲ ಸಾರ್ಸ್ತೀನಿ ಅಂತ ಗಂಡ್ಸು ಬಾಯಲ್ಲಿ ಎಂಗ್ ಹೇಳೋದು..."

ಗುರುವಾರ ಬಂದೇಬಿಟ್ಟಿತು.

ಕಂಠಪ್ಪನ ಅಕ್ಕ ಭದ್ರಮ್ಮ ಎಂದರೆ ಆ ಮನೆಯಲ್ಲಿ ಗಾಳಿಯೂ ನೆಟ್ಟಗೆ ಬೀಸುತ್ತಿತ್ತು. ಅರವತ್ತರ ಗಟ್ಟಿ ಹೆಂಗಸು. ಅವಳ ಹಿಂದೆ ಬಿಳಿಕೆರೆಯ ಪುಟ್ಟಮಲ್ಲಪ್ಪ, ಹೆಣ್ಣಿನ ತಂದೆ. ಬಿಳಿ ಮೀಸೆಯ, ಮಾತು ಕಡಿಮೆಯ ಮನುಷ್ಯ. ಇಬ್ಬರೂ ನಡುಮನೆಯಲ್ಲಿ ಚಾಪೆಯ ಮೇಲೆ ಕೂತರು. ಕಂಠಪ್ಪ ಕಂಬಕ್ಕೆ ಒರಗಿ ನಿಂತ.

"ಏನಮ್ಮ ರುದ್ರಿ, ಕೈ ಎಂಗದೆ?" ಭದ್ರಮ್ಮ ಕೇಳಿದಳು.

ಸರಿಹೋಗಿದೆ ಎಂದರೆ ಇವತ್ತಿಗೆ ಮಾತು ಮುಗಿಯುತ್ತದೆ. ಶಿವರುದ್ರಮ್ಮ ಗಂಡನ ಕಡೆ ನೋಡಿದಳು. ಅವನ ಹಣೆಯ ಮೇಲೆ ಬೆವರು. ನನಗಾಗಿ ಇಷ್ಟು ದಿನ ಕದ್ದುಮುಚ್ಚಿ ಮಂಡಿಯೂರಿದ ಜೀವ... ಇನ್ನೂ ಎಷ್ಟು ದಿನ ಬಾಗಿಲು ಹಾಕಿಕೊಂಡು?

ಅವಳು ಸೆರಗು ಸರಿಸಿ ಬಲಗೈಯನ್ನು ಎಲ್ಲರ ಮುಂದೆ ಚಾಚಿದಳು. ಸೊಟ್ಟಗೆ ಕೂಡಿದ ಮಣಿಕಟ್ಟು ಮೊದಲ ಸಲ ಬೆಳಕಿಗೆ ಬಂತು.

"ಸರಿಹೋಗ್ಲಿಲ್ಲ ಕಣಕ್ಕ. ಇನ್ನು ಸರಿಹೋಗೋದೂ ಇಲ್ಲ. ಹಿಟ್ಟು ತಿರುವೋಕಾಗಲ್ಲ, ಬೀಸೋಕಾಗಲ್ಲ. ನಾನು ಸುಳ್ಳು ಹೇಳಲ್ಲ."

ಭದ್ರಮ್ಮ ನಿಟ್ಟುಸಿರು ಬಿಟ್ಟಳು. "ನೋಡಪ್ಪ ಕಂಠ. ಅವ್ಳೇ ಒಪ್ಕೊಂಡ್ಲು. ಯಾರೂ ಇವ್ಳನ್ನ ಓಡ್ಸಲ್ಲ, ಒಂದು ಮೂಲೇಲಿ ಇರ್ತಾಳೆ. ಮನೆ ನಡೀಬೇಕು ಅಂದ್ರೆ ಕೈ ಬೇಕು ತಾನೆ?"

ಕಂಠಪ್ಪ ಕಂಬ ಬಿಟ್ಟ.

ಹೆಗಲ ಮೇಲಿನ ಟವೆಲ್ಲನ್ನು ಸೊಂಟಕ್ಕೆ ಬಿಗಿದ. ಬಾಗಿಲಲ್ಲಿ ಬಗ್ಗಿ ಅಡುಗೆಮನೆಗೆ ಹೋದ. ಬಾಗಿಲು ಹಾಕಲಿಲ್ಲ!

ಒಲೆ ಊದಿದ ಸದ್ದು. ಎಸರು ಕುದಿಯುವ ಸದ್ದು. ಕಾಲ ಮಧ್ಯೆ ಪಾತ್ರೆ ಒತ್ತಿಹಿಡಿದು, ಆ ಉದ್ದ ತೋಳುಗಳಿಂದ ಕೋಲು ತಿರುವುವುದು ನಡುಮನೆಯಲ್ಲಿ ಕೂತವರಿಗೆಲ್ಲ ಕಾಣುತ್ತಿತ್ತು. ಭದ್ರಮ್ಮನ ಬಾಯಿ ತೆರೆದದ್ದು ಮುಚ್ಚಲಿಲ್ಲ.

ಅವನು ತಟ್ಟೆಗಳಲ್ಲಿ ಮುದ್ದೆ ತಂದ. ಬಿಸಿಗೆ ಅಂಗೈ ಕೆಂಪಾಗಿತ್ತು. ಪುಟ್ಟಮಲ್ಲಪ್ಪನಿಗೊಂದು, ಅಕ್ಕನಿಗೊಂದು. ಮೂರನೆಯದನ್ನು ಹೆಂಡತಿಯ ಮುಂದೆ ಇಟ್ಟ.

"ಇದೇನೋ ಇದು! ಗಂಡ್ಸು ಒಲೆ ಮುಂದೆ! ಊರೋರು ಕಂಡ್ರೆ ನಗಾಕಿಲ್ವಾ?"

"ನಗ್ತಾರೆ ಕಣಕ್ಕ. ಎಲ್ಡು ದಿನ ನಗ್ತಾರೆ, ಆಮೇಲೆ ಅವ್ರವ್ರ ಕೆಲ್ಸಕ್ಕೆ ಹೋಯ್ತಾರೆ." ಅವನು ಸೊಂಟದ ಟವೆಲ್ಲಿಗೆ ಕೈ ಒರೆಸಿಕೊಂಡ. "ಮನೆ ನಡೆಯೋಕೆ ಕೈ ಬೇಕು ಅಂದ್ಯಲ್ಲ, ನಂಗೆ ಎಲ್ಡವೆ. ನೆಲಾನೂ ಸಾರ್ಸ್ತೀನಿ. ಇನ್ನೊಂದು ಹೆಣ್ಣು ಈ ಮನೆಗೆ ಬ್ಯಾಡ. ನಿನ್ನ ಮಾತು ಮೀರ್ತಿದ್ದೀನಿ, ಬೈಯೋದಾದ್ರೆ ಬೈಯಿ."

ಮೊದಲು ತುತ್ತು ಮುರಿದವನು ಪುಟ್ಟಮಲ್ಲಪ್ಪ. ಸಾರಿನಲ್ಲಿ ಅದ್ದಿ ನುಂಗಿದ. ಇನ್ನೊಂದು ತುತ್ತು ಮುರಿದ.

"ಗಂಟಿಲ್ಲ," ಎಂದ. ಆಮೇಲೆ ಭದ್ರಮ್ಮನ ಕಡೆ ತಿರುಗಿದ. "ನನ್ನ ಮಗಳು ಇಲ್ಲಿಗೆ ಬಂದು ಏನು ಮಾಡಾಳು ತಾಯಿ? ಅವ್ಳಿಗೂ ಇಂಥೋನೇ ಒಬ್ಬ ಸಿಗ್ಲಿ ಅಂತ ದೇವ್ರಲ್ಲಿ ಕೇಳ್ಕತೀನಿ. ಉಂಡು ಹೊರಡಾನ."

ಭದ್ರಮ್ಮ ತಲೆ ತಗ್ಗಿಸಿ ಉಂಡಳು. ಕೈ ತೊಳೆಯುವಾಗ ತಮ್ಮನ ಕೆಂಪಾದ ಅಂಗೈಯನ್ನು ಒಂದು ಸಲ ಹಿಡಿದು ನೋಡಿದಳು. "ಸಾರಿಗೆ ಉಪ್ಪು ಜಾಸ್ತಿ ಆಗದೆ," ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿದಳು.

ಅವರು ಬೀದಿ ತಿರುಗುವವರೆಗೂ ನೋಡುತ್ತಿದ್ದ ಶಿವರುದ್ರಮ್ಮ ಒಳಗೆ ಬಂದಳು. ಕಂಠಪ್ಪ ಎಂಜಲು ತಟ್ಟೆಗಳನ್ನು ಒಂದರ ಮೇಲೊಂದು ಇಡುತ್ತಿದ್ದ. ಅವಳು ಬಂದು ಅವನ ಪಕ್ಕದಲ್ಲಿ ನೆಲದ ಮೇಲೆ ಕೂತಳು.

"ಹಿಟ್ಟೂ ನೀವೇ, ನೀರೂ ನೀವೇ, ನೆಲಾನೂ ನೀವೇ. ಇನ್ನು ನಾನು ಈ ಮನೇಲಿ ಏನು ಮಾಡ್ಲಿ?"

"ಇರು."

"ಇದ್ಕೊಂಡು?"

ಕಂಠಪ್ಪ ತಟ್ಟೆ ಕೆಳಗಿಟ್ಟ. ಅವನಿಗೆ ಮಾತು ಹುಡುಕಿಕೊಳ್ಳುವುದು ಹಿಟ್ಟು ತಿರುವುವುದಕ್ಕಿಂತ ಕಷ್ಟ.

"ಎಲ್ಡು ತಿಂಗ್ಳು ಈ ಮನೇಲಿ ಎಲ್ಲಾ ಇತ್ತು ಕಣಮ್ಮಿ. ಒಲೆ ಉರೀತಿತ್ತು, ಹಿಟ್ಟು ಬೇಯ್ತಿತ್ತು. ಹೊತ್ತು ಮುಳುಗೋ ಹೊತ್ಗೆ ತಟ್ಟೆ ಮುಂದೆ ಕೂತ್ಕೊಂಡ್ರೆ... ಇವತ್ತು ಹೊಲದಲ್ಲಿ ಇಂಗಾಯ್ತು ಅಂತ ಹೇಳೋಕೆ ಯಾರೂ ಇರ್ಲಿಲ್ಲ."

ಶಿವರುದ್ರಮ್ಮನ ಕಣ್ಣಿಂದ ನೀರು ಇಳಿಯಿತು. ಸೊಟ್ಟಗಾದ ಆ ಬಲಗೈಯಿಂದಲೇ ಒರೆಸಿಕೊಂಡಳು.

"ಎಲ್ಡು ತಿಂಗ್ಳ ಮಾತೂ ಬಾಕಿ ಅವೆಯಾ?"

"ಊಂ. ಒಂದೂ ಆಡಿಲ್ಲ."

"ಹಂಗಾದ್ರೆ ತಟ್ಟೆ ಆಮೇಲೆ ತೊಳೀರಿ," ಎಂದಳು ಅವಳು. "ಮೊದಲನೇ ದಿನದಿಂದ ಹೇಳಿ."